ಒಬ್ಬ ಜಡ್‌ಗಾಗಿ ತೆತ್ತ ಬೆಲೆ

ಸಂತೆಯಲ್ಲಿ ಕೊಟ್ಟು ಕೊಂಡದ್ದರ ಲೆಕ್ಕ ಅಂದಿನ ಸಂಜೆಗೇ ಮುಗಿಯುತ್ತದೆ. ಆಟಗಾರರ ವಿನಿಮಯದ ಲೆಕ್ಕ ಹಾಗಲ್ಲ. ಅದು ಮುಗಿಯಲು ಕೆಲವೊಮ್ಮೆ ಹದಿನೈದು ವರ್ಷ ಬೇಕಾಗುತ್ತದೆ. 2007ರ ಅಕ್ಟೋಬರಿನಲ್ಲಿ ಪರ್ತ್ ನಗರದ ವೆಸ್ಟ್ ಕೋಸ್ಟ್ ಈಗಲ್ಸ್ ತನ್ನ ನಾಯಕ ಕ್ರಿಸ್ ಜಡ್ ಅವರನ್ನು ಮೆಲ್ಬರ್ನಿನ ಕಾರ್ಲ್‌ಟನ್ ಕ್ಲಬ್‌ಗೆ ಬಿಟ್ಟುಕೊಟ್ಟಿತು. ಇದರಲ್ಲಿ ಗೆದ್ದವರು ಯಾರು ಎಂಬುದು ಆಸ್ಟ್ರೇಲಿಯನ್ ಫುಟ್‌ಬಾಲಿನ ಹಳೆಯ ತರ್ಕಗಳಲ್ಲೊಂದು.

ಅಂಡಾಕಾರದ ವಿಶಾಲ ಮೈದಾನದಲ್ಲಿ ತಂಡಕ್ಕೆ 18 ಮಂದಿಯಂತೆ ಆಡುವ ಆಟವಿದು. ತುದಿಯಲ್ಲಿ ನೆಟ್ಟ ನಾಲ್ಕು ಕಂಬಗಳ ಪೈಕಿ ನಡುವಿನ ಎರಡರ ಮಧ್ಯೆ ಚೆಂಡನ್ನು ಒದ್ದರೆ 6 ಅಂಕ; ಅದರ ಇಕ್ಕೆಲದ ತೆರವಿನಲ್ಲಿ ಹೋದರೆ 1 ಅಂಕ. ಮುಂಪಡೆಯವನ ಗಳಿಕೆ ಅಂಕಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಗುಂಪಿನ ನಡುವೆ ನುಗ್ಗಿ, ಚೆಂಡನ್ನು ಕಸಿದು, ಅದನ್ನು ಮುಂದಕ್ಕೆ ಸಾಗಿಸುವ ಮಿಡ್‌ಫೀಲ್ಡರನ ದುಡಿಮೆ ಅಷ್ಟು ಸುಲಭವಾಗಿ ಎಣಿಕೆಗೆ ಸಿಗದು. ಜಡ್ ಈ ದುಡಿಮೆಯಲ್ಲಿ ನಿಸ್ಸೀಮರು. 2004ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಅವರ ಪಾಲಾಯಿತು. 2005ರ ಅಂತಿಮ ಪಂದ್ಯದಲ್ಲಿ ತಂಡ ಸೋತರೂ ಪಂದ್ಯಶ್ರೇಷ್ಠ ಪದಕ ಅವರದೇ. ಮರುವರ್ಷ ಅವರ ನಾಯಕತ್ವದಲ್ಲಿ ತಂಡ ಒಂದೇ ಅಂಕದಿಂದ ಪ್ರಶಸ್ತಿ ಗೆದ್ದಿತು.

ಅಂಥವರು 24ನೆಯ ವಯಸ್ಸಿನಲ್ಲಿ, ಒಪ್ಪಂದ ಮುಗಿದೊಡನೆ, ಹುಟ್ಟೂರಾದ ಮೆಲ್ಬರ್ನಿಗೆ ಮರಳಬಯಸಿದರು. ಈ ಲೀಗಿನಲ್ಲಿ ಆಟಗಾರನಿಗಾಗಿ ಕ್ಲಬ್‌ಗಳು ಪರಸ್ಪರ ಹಣ ಕೊಡುವ ಪದ್ಧತಿಯಿಲ್ಲ. ಐಪಿಎಲ್‌ನಂತಹ ಹರಾಜೂ ಇಲ್ಲ. ಬದಲಿಗೆ ಬೇರೆ ಆಟಗಾರನನ್ನೋ, ಹೊಸ ಪ್ರತಿಭೆಗಳನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟಿನಲ್ಲಿ ತನಗಿರುವ ಸರದಿಯನ್ನೋ ಕೊಡಬೇಕು. ಹಿಂದುಳಿದ ತಂಡಕ್ಕೆ ಮುಂಚಿನ ಸರದಿ ಎಂಬುದು ಅಲ್ಲಿನ ನಿಯಮ. ಕಾರ್ಲ್‌ಟನ್ ತನ್ನ 3ನೆಯ ಮತ್ತು 20ನೆಯ ಸರದಿಗಳೊಂದಿಗೆ ಜಾಶ್ ಕೆನಡಿ ಎಂಬ 20ರ ತರುಣನನ್ನೂ ಕೊಟ್ಟಿತು. ಜಡ್ ಅವರ ಜೊತೆಗೆ 46ನೆಯ ಸರದಿ ಮಾತ್ರ ಅದಕ್ಕೆ ದೊರೆಯಿತು.

ಬಂದವರು ತಂದದ್ದು

ಅಂದಿನ ಕಾರ್ಲ್‌ಟನ್ ಸೋಲಿನಿಂದ ಬಸವಳಿದ ತಂಡ. 2005 ಮತ್ತು 2006ರಲ್ಲಿ ಪಟ್ಟಿಯ ಕಟ್ಟಕಡೆಯ ಸ್ಥಾನ. 2007ರಲ್ಲಿ ಹದಿನಾರು ತಂಡಗಳ ಪೈಕಿ ಹದಿನೈದನೆಯದು. ಜಡ್ ಬಂದೊಡನೆ ನಾಯಕರಾದರು. 2008ರಿಂದ ಸತತ ಮೂರು ವರ್ಷ ಕ್ಲಬ್ಬಿನ ಶ್ರೇಷ್ಠ ಆಟಗಾರ ಅವರೇ. 2010ರಲ್ಲಿ ಎರಡನೆಯ ಬ್ರೌನ್‌ಲೋ ಪದಕವೂ ಬಂತು. ತಂಡ 2009, 2010, 2011ರಲ್ಲಿ ಸಾಲಾಗಿ ಅಂತಿಮ ಸುತ್ತುಗಳಿಗೆ ಏರಿತು.

ಆದರೆ ಏರಿದ್ದು ಅಷ್ಟೇ. 2009ರಲ್ಲಿ ಬ್ರಿಸ್ಬೇನ್ ಎದುರು 7 ಅಂಕಗಳ ಸೋಲು, 2010ರಲ್ಲಿ ಸಿಡ್ನಿ ಎದುರು 5 ಅಂಕಗಳ ಸೋಲು, 2011ರಲ್ಲಿ 3 ಅಂಕಗಳ ಸೋಲು. ಮೂರು ವರ್ಷಗಳ ಕೊರತೆಯನ್ನು ಕೂಡಿಸಿದರೆ 15 ಅಂಕ. ಅಂದರೆ ಮೂರು ಗೋಲುಗಳಿಗೂ ಕಡಿಮೆ. ಕೊನೆಯ ಆ ಸೋಲು ಪರ್ತ್‌ನಲ್ಲಿ, ಅದೂ ವೆಸ್ಟ್ ಕೋಸ್ಟ್ ಎದುರು ಎಂಬುದು ವಿಧಿಯ ಅಣಕದಂತಿತ್ತು. 2015ರ ಜೂನ್‌ನಲ್ಲಿ ಮೊಣಕಾಲಿನ ಗಾಯ ಜಡ್ ಅವರ ಆಟಕ್ಕೆ ತೆರೆ ಎಳೆಯಿತು. ಕಾರ್ಲ್‌ಟನ್‌ಗಾಗಿ ಆಡಿದ್ದು 145 ಪಂದ್ಯ; ಗೆದ್ದುಕೊಟ್ಟ ಪ್ರಶಸ್ತಿ ಒಂದೂ ಇಲ್ಲ.

ಹೋದವರು ಬೆಳೆದದ್ದು

ಇತ್ತ ವೆಸ್ಟ್ ಕೋಸ್ಟ್‌ಗೂ ಫಲ ಕೂಡಲೇ ಕೈಗೆ ಬರಲಿಲ್ಲ. ಜಡ್ ಎರಡನೆಯ ಪದಕಕ್ಕೆ ಕೊರಳೊಡ್ಡಿದ 2010ರಲ್ಲೇ ಆ ತಂಡ ಕಟ್ಟಕಡೆಯ ಸ್ಥಾನಕ್ಕೆ ಕುಸಿದಿತ್ತು. ಆ ವರ್ಷ ತೀರ್ಪು ಬರೆದಿದ್ದರೆ ಗೆದ್ದದ್ದು ಕಾರ್ಲ್‌ಟನ್ ಎಂದೇ ಬರೆಯಬೇಕಿತ್ತು.

ಆದರೆ ಪಶ್ಚಿಮ ಆಸ್ಟ್ರೇಲಿಯಾದವರೇ ಆದ ಕೆನಡಿ ತವರಿನ ತಂಡದಲ್ಲಿ ನಿಧಾನವಾಗಿ ಬೇರುಬಿಟ್ಟರು. 2015 ಮತ್ತು 2016ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದವರು ಅವರು. 2018ರಲ್ಲಿ ತಂಡ ಕಾಲಿಂಗ್‌ವುಡ್ ಅನ್ನು 5 ಅಂಕಗಳಿಂದ ಮಣಿಸಿ ಪ್ರಶಸ್ತಿ ಗೆದ್ದಾಗ ಕೆನಡಿ ಕಣದಲ್ಲಿದ್ದರು. ಆ 3ನೆಯ ಸರದಿಯಲ್ಲಿ ಆಯ್ಕೆಯಾಗಿದ್ದ ಕ್ರಿಸ್ ಮಾಸ್ಟನ್ ಕೂಡ ಇದ್ದರು. 2022ರಲ್ಲಿ ಕೆನಡಿ ನಿವೃತ್ತರಾದಾಗ ಅವರ ಒಟ್ಟು ಗೋಲುಗಳು 723. ಅವುಗಳಲ್ಲಿ ಕಾರ್ಲ್‌ಟನ್‌ಗೆ ದಕ್ಕಿದ್ದು 11.

ತೂಕಕ್ಕೆ ಯಾವ ಕಲ್ಲು?

ಪ್ರಶಸ್ತಿಯೊಂದೇ ತೂಕದ ಕಲ್ಲಾದರೆ ತಕ್ಕಡಿ ವೆಸ್ಟ್ ಕೋಸ್ಟ್ ಕಡೆಗೆ ವಾಲುವುದರಲ್ಲಿ ಸಂಶಯವಿಲ್ಲ. ಆದರೂ ಆ 723 ಗೋಲುಗಳನ್ನೆಲ್ಲ ಕಾರ್ಲ್‌ಟನ್‌ನ ನಷ್ಟದ ಖಾತೆಗೆ ಬರೆಯುವುದು ನ್ಯಾಯವಲ್ಲ. ಸೋಲುವ ತಂಡದಲ್ಲೇ ಉಳಿದಿದ್ದರೆ ಕೆನಡಿ ಹಾಗೆಯೇ ಬೆಳೆಯುತ್ತಿದ್ದರೆಂದು ಯಾರೂ ಆಣೆ ಹಾಕಿ ಹೇಳಲಾರರು. ಲೆಕ್ಕದ ಇನ್ನೊಂದು ಬದಿಯೂ ಇದೆ: ಹೆಚ್ಚುವರಿಯಾಗಿ ಬಂದ 46ನೆಯ ಸರದಿಯಲ್ಲಿ ಕಾರ್ಲ್‌ಟನ್ ಆರಿಸಿಕೊಂಡ ಡೆನಿಸ್ ಆರ್ಮ್‌ಫೀಲ್ಡ್ ನೂರಕ್ಕೂ ಹೆಚ್ಚು ಪಂದ್ಯ ಆಡಿದರು.

ಜಡ್ ತಮ್ಮ ಪಾಲಿನ ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಕೊರತೆ ಉಳಿದದ್ದು ಅವರ ಸುತ್ತಲಿನ ತಂಡದಲ್ಲಿ. ಅವರು ಮುಂದಕ್ಕೆ ಸಾಗಿಸಿದ ಚೆಂಡನ್ನು ಗೋಲಾಗಿಸಬಲ್ಲವರಲ್ಲಿ ಒಬ್ಬನನ್ನು, ಅವರನ್ನು ತರಲೆಂದೇ ಕಾರ್ಲ್‌ಟನ್ ಕಳೆದುಕೊಂಡಿತ್ತು. ಅಡಿಪಾಯದ ಕಲ್ಲು ಮಾರಿ ಮಾಡಿಗೆ ಹೆಂಚು ತಂದಂತಾಯಿತು. ಹೆಂಚು ಉತ್ತಮವಾದದ್ದೇ, ಮನೆ ಮಾತ್ರ ಪೂರ್ತಿಯಾಗಲಿಲ್ಲ.

ಹಾಗಾದರೆ ಆ ಬೆಲೆ ವ್ಯರ್ಥವೇ? ಸೋತು ಸೋತು ತಲೆ ತಗ್ಗಿಸಿದ್ದ ಅಭಿಮಾನಿಗಳು ಮೂರು ವರ್ಷ ಸತತವಾಗಿ ಸೆಪ್ಟೆಂಬರ್ ತಿಂಗಳ ಅಂತಿಮ ಸುತ್ತುಗಳನ್ನು ಕಂಡರು. ಅದಕ್ಕೂ ಬೆಲೆಯಿದೆ. ಜಡ್ ಕಾರ್ಲ್‌ಟನ್‌ಗೆ ದುಬಾರಿಯಾದರು, ವ್ಯರ್ಥವಾಗಲಿಲ್ಲ ಎಂಬುದೇ ನ್ಯಾಯವಾದ ತೀರ್ಪು. ಬಿಟ್ಟುಕೊಡಬೇಕಾದ ಅನಿವಾರ್ಯಕ್ಕೆ ಸಿಲುಕಿದ್ದ ವೆಸ್ಟ್ ಕೋಸ್ಟ್, ಸಿಕ್ಕಿದ್ದನ್ನು ಹನ್ನೊಂದು ವರ್ಷ ತಾಳ್ಮೆಯಿಂದ ಕಾಪಾಡಿಕೊಂಡು ಫಸಲು ತೆಗೆಯಿತು.