ಮಗಳಿಗೆ ರಜೆ, ಅಮ್ಮನಿಗೆ ಪಾಠ

ಹೊಸ ವರ್ಷದ ಕ್ಯಾಲೆಂಡರು ಗೋಡೆಗೆ ಬರುವ ಹೊತ್ತಿಗೆ ಕಾಲೇಜು ಓದುವ ಮಕ್ಕಳು ರಜೆಯೆಂದು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರುತ್ತಾರೆ. ಮಾಗಿಯ ಚಳಿ, ಅವರೆಕಾಯಿ ಕಾಲ. ಅವರು ಏಳುವಾಗ ಎಂಟು ಗಂಟೆ. ಎದ್ದ ಕೂಡಲೇ ಬಿಸಿ ಬಿಸಿ ರೊಟ್ಟಿ ಆಗಬೇಕು, ಮಧ್ಯಾಹ್ನಕ್ಕೆ ಹಿತಕಿದ ಬೇಳೆ ಸಾರು ಆಗಬೇಕು. ಸೋದರಿಯರೇ, ಈ ಚಳಿಗಾಲದ ರಜೆ ಯಾರಿಗೆ ರಜೆ, ನೀವೇ ಹೇಳಿ. ಬೇಳೆ ಹಿತಕುವ ಕೈಗೆ ಯಾವ ಕ್ಯಾಲೆಂಡರಿನಲ್ಲೂ ಕೆಂಪು ಅಕ್ಷರದ ದಿನ ಇಲ್ಲ.

ಆದರೂ ಹೋದ ಚಳಿಗಾಲದಲ್ಲಿ ಮಗಳ ರಜೆಯೊಳಗೆ ನನಗೂ ದಿನಕ್ಕೆ ಒಂದು ಗಂಟೆ ಸಿಕ್ಕಿತು. ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದ ನಾನು ಆ ಒಂದು ಗಂಟೆಯಲ್ಲಿ ನಡುಮನೆಯಲ್ಲಿ ಕುಳಿತು, ವಿಶ್ವವಿದ್ಯಾನಿಲಯವೊಂದರ ನಾಲ್ಕು ವಾರದ ಆನ್‌ಲೈನ್ ಕೋರ್ಸು ಮುಗಿಸಿದೆ. ಹೊಗಳಿಕೊಳ್ಳಲು ಈ ಮಾತು ಬರೆಯುತ್ತಿಲ್ಲ. ಅದರ ಹಿಂದಿನ ವರ್ಷ ಇದೇ ಕೆಲಸಕ್ಕೆ ಕೈ ಹಾಕಿ ಎರಡೇ ಪಾಠಕ್ಕೆ ಬಿಟ್ಟವಳು ನಾನು. ಬಿಟ್ಟದ್ದು ಏಕೆ, ಮುಗಿಸಿದ್ದು ಹೇಗೆ, ಅದರಿಂದ ಆದದ್ದೇನು ಎಂಬುದನ್ನು ನಿಮ್ಮ ಮುಂದೆ ಇಟ್ಟರೆ ಯಾರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮನೆ ಬಾಗಿಲಿಗೆ ಬಂದ ಕಾಲೇಜು

ಮನೆಯಲ್ಲೇ ಕುಳಿತು ಓದುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು. ಪಾಠಗಳು ಟಪಾಲಿನಲ್ಲಿ ಬರುತ್ತಿದ್ದವು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆಮೇಲೆ ಕಾಲ ಬದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐ.ಐ.ಟಿ.ಗಳು ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯಲ್ಲಿ ತಮ್ಮ ಪಾಠಗಳನ್ನು ಎಲ್ಲರಿಗೂ ತೆರೆದಿಡುವ ಕೆಲಸ ಶುರು ಮಾಡಿದವು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಒಂದೇ ಒಂದು ಕೋರ್ಸಿಗೆ ಲೋಕದ ಎಲ್ಲ ಮೂಲೆಗಳಿಂದ ಸುಮಾರು 1,60,000 ಜನ ಹೆಸರು ಬರೆಸಿದಾಗ, ಓಹೋ, ಹೀಗೂ ಉಂಟೇ ಎಂದು ಎಲ್ಲರ ಕಣ್ಣು ತೆರೆಯಿತು.

ನಮ್ಮ ಕೇಂದ್ರ ಸರ್ಕಾರ 2017ರ ಜುಲೈನಲ್ಲಿ ‘ಸ್ವಯಂ’ ಎಂಬುದನ್ನು ಆರಂಭಿಸಿತು. ಹೆಸರು ಎಷ್ಟು ಚೆನ್ನಾಗಿದೆ ನೋಡಿ, ತಾನೇ ಕಲಿಯುವುದು! ಇಂಗ್ಲಿಷಿನ ಉದ್ದ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿದ ಪದವಂತೆ. ಆ ಉದ್ದ ಹೆಸರಿನ ಮಧ್ಯೆ ‘ಯಂಗ್’ ಎಂಬ ಮಾತೂ ಇದೆ. ಹಾಗೆಂದು ನಲವತ್ತು ದಾಟಿದವರು ಹಿಂಜರಿಯಬೇಕಿಲ್ಲ, ಯಾರು ಬೇಕಾದರೂ ಕಲಿಯಬಹುದು. ಒಂಬತ್ತನೇ ತರಗತಿಯ ಪಾಠದಿಂದ ಹಿಡಿದು ಸ್ನಾತಕೋತ್ತರ ಪಾಠದವರೆಗೆ ಇಲ್ಲಿವೆ. ಒಂದೊಂದು ಕೋರ್ಸಿನಲ್ಲೂ ನಾಲ್ಕು ಭಾಗ: ನೋಡಲು ವಿಡಿಯೋ, ಓದಲು ಬರಹ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಲು ಪ್ರಶ್ನೆಗಳು, ಸಂದೇಹ ಕೇಳಲು ಒಂದು ಜಾಗ. ಕಲಿಯುವುದಕ್ಕೆ ಕಾಸು ಬೇಡ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಬೇಕು.

ಫೋನಿನ ಸಿಗ್ನಲ್ ಸರಿಯಿಲ್ಲದ ಊರಿನವರಿಗೆ ‘ಸ್ವಯಂ ಪ್ರಭಾ’ ಎಂಬ ಟಿ.ವಿ. ವಾಹಿನಿಗಳೂ ಇವೆ. ದೂರದರ್ಶನದ ಫ್ರೀ ಡಿಶ್‌ನಲ್ಲಿ ಬರುತ್ತವೆ. ದಿನಕ್ಕೆ ಕನಿಷ್ಠ 4 ಗಂಟೆ ಹೊಸ ಪಾಠ, ಅದನ್ನೇ ಆ ದಿನ ಮತ್ತೆ 5 ಸಲ ಹಾಕುವುದು ಎಂದು ಆರಂಭದಲ್ಲೇ ಗೊತ್ತುಮಾಡಿದ್ದರು. ಬೆಳಿಗ್ಗೆ ಹಾಲು ಕರೆಯುವಾಗ ತಪ್ಪಿದ್ದನ್ನು ರಾತ್ರಿ ಊಟವಾದ ಮೇಲೆ ನೋಡಬಹುದು. ಈ ಏರ್ಪಾಡು ಮಾಡಿದವರ ಮನಸ್ಸಿನಲ್ಲಿ ಗೃಹಿಣಿ ಇದ್ದಳೋ ಇಲ್ಲವೋ, ನಮಗಂತೂ ಅನುಕೂಲವೇ.

ಮೊದಲ ಸಲ ಎಡವಿದ್ದು

ಹಿಂದಿನ ವರ್ಷ ಮಗಳು ಫೋನಿನಲ್ಲಿ ಒಂದು ಕೋರ್ಸಿಗೆ ನನ್ನ ಹೆಸರು ಸೇರಿಸಿ, “ನೋಡಮ್ಮ, ನೀನೂ ಕಾಲೇಜು ಸೇರಿದೆ” ಎಂದಳು. ಎರಡು ಪಾಠ ನೋಡಿದೆ. ಇಂಗ್ಲಿಷು. ಮೇಷ್ಟರು ಹೇಳುತ್ತಿದ್ದುದು ರೈಲು ಓಡಿದ ಹಾಗೆ. ಮೂರನೇ ದಿನ ಮನೆಗೆ ನೆಂಟರು ಬಂದರು. ನಾಲ್ಕನೇ ದಿನಕ್ಕೆ ಹುಳುಮನೆಯಲ್ಲಿ ಹುಳು ನಾಲ್ಕನೇ ಜ್ವರ ಬಿಟ್ಟೆದ್ದವು. ಅಲ್ಲಿಗೆ ನನ್ನ ಕಾಲೇಜು ಮುಗಿಯಿತು. ‘ಮನೆಗೆಲಸದವಳಿಗೆ ಇದೆಲ್ಲ ಏಕೆ’ ಎಂದು ನನಗೆ ನಾನೇ ಹೇಳಿಕೊಂಡು ಫೋನು ಮಡಗಿದೆ. ಯಾರೂ ಏನೂ ಅನ್ನಲಿಲ್ಲ. ಆದರೂ ಎಷ್ಟೋ ದಿನ ಅವಮಾನವಾದ ಹಾಗಿತ್ತು.

ಆಮೇಲೆ ಮಗಳು ಒಂದು ವಿಷಯ ಓದಿ ಹೇಳಿದಳು. ಅಮೆರಿಕದ ಹಾರ್ವರ್ಡ್ ಮತ್ತು ಎಂ.ಐ.ಟಿ. ಎಂಬ ಹೆಸರಾಂತ ವಿದ್ಯಾಸಂಸ್ಥೆಗಳ ಇಂಥ ಕೋರ್ಸುಗಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಹೊರಬಂತಂತೆ. 2017-18ರಲ್ಲಿ ಹೆಸರು ಬರೆಸಿದವರಲ್ಲಿ ಕೊನೆಯವರೆಗೂ ಮುಗಿಸಿದವರು ನೂರಕ್ಕೆ ಮೂವರು ಮಾತ್ರ! ಅರ್ಧಕ್ಕಿಂತ ಹೆಚ್ಚು ಜನ ಹೆಸರು ಬರೆಸಿದ ಮೇಲೆ ಪಾಠದ ಬಾಗಿಲನ್ನೇ ತೆರೆಯಲಿಲ್ಲವಂತೆ. ಆದರೆ ಪ್ರಮಾಣಪತ್ರಕ್ಕೆಂದು ದುಡ್ಡು ಕಟ್ಟಿದವರಲ್ಲಿ ನೂರಕ್ಕೆ 46 ಜನ ಮುಗಿಸಿದ್ದರು. ಪಾಠ ಎಲ್ಲರಿಗೂ ಅದೇ. ಮುಗಿಸಲೇಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡವರು ಕೊನೆತನಕ ಕುಳಿತರು, ಅಷ್ಟೇ ವ್ಯತ್ಯಾಸ. ಇದನ್ನು ಕೇಳಿ ನನಗೆ ಅರ್ಧ ಅವಮಾನ ಇಳಿಯಿತು. ನನಗೆ ಕೊರತೆಯಾಗಿದ್ದುದು ಬುದ್ಧಿಯಲ್ಲ, ಹೊತ್ತು ಎಂದು ತಿಳಿಯಿತು.

ಹೊತ್ತು ನಮಗೆ ಎಲ್ಲಿಂದ ಬರಬೇಕು? 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಕಂಡುಬಂತು. ಅಂದರೆ ನಮ್ಮದು ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ. ಬಿಡುವು ತಾನಾಗಿ ಸಿಕ್ಕೀತು ಎಂದು ಕಾದರೆ ಸಿಗುವುದಿಲ್ಲ, ಅದನ್ನು ಮೊದಲೇ ಎತ್ತಿಡಬೇಕು. ಒಗ್ಗರಣೆ ಡಬ್ಬಿಯಲ್ಲಿ ಪುಡಿಗಾಸು ಎತ್ತಿಡುತ್ತೇವಲ್ಲ, ಹಾಗೆ.

ಹುಳು ಕಲಿಸಿದ ಲೆಕ್ಕಾಚಾರ

ನಮ್ಮ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ ರೇಷ್ಮೆ ಸಾಕುವ ಮನೆಗಳು ಬಹಳ. ನಾಲ್ಕು ವಾರ ಎಂದರೆ ಎಷ್ಟು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಟ್ಟೆ ಒಡೆದ ಹುಳು ಹಣ್ಣಾಗಿ ಚಂದ್ರಿಕೆ ಏರುವುದಕ್ಕೆ ಹೆಚ್ಚು ಕಡಿಮೆ 25 ದಿನ ಬೇಕು. ಅದರೊಳಗೆ ನಾಲ್ಕು ಜ್ವರ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವೇ ಹಸಿವು. ಒಂದು ಬೆಳೆಯಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಆಗ ಮನೆಯವರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಹಿಂದಿನ ವರ್ಷ ನಾನು ಪುಸ್ತಕ ತೆರೆದದ್ದು ಸರಿಯಾಗಿ ಆ ವಾರಕ್ಕೇ! ನಿಲ್ಲುವುದೆಲ್ಲಿಂದ ಬಂತು?

ಈ ಸಲ ಮೊದಲು ಕ್ಯಾಲೆಂಡರು ನೋಡಿದೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮಾರನೇ ದಿನವೇ ಪಾಠಕ್ಕೆ ಕುಳಿತೆ. ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಹಿಪ್ಪುನೇರಳೆ ಮತ್ತೆ ಚಿಗುರುವ ತನಕ ಸಿಗುವ ದಿನಗಳೇ ನನ್ನ ಚಳಿಗಾಲದ ರಜೆ. ಮಧ್ಯಾಹ್ನ ಎರಡರಿಂದ ಮೂರು ಗಂಟೆ ನನ್ನದು ಎಂದು ಮನೆಯವರಿಗೆಲ್ಲ ಹೇಳಿದೆ. ಅತ್ತೆಯವರು, “ಈ ವಯಸ್ಸಲ್ಲಿ ಓದಿ ಯಾವ ಕಚೇರಿಗೆ ಹೋಗ್ಬೇಕವ್ವ?” ಎಂದರು. ಆದರೆ ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಹೋಗಿ ಮಾತಾಡಿಸುತ್ತಿದ್ದವರೂ ಅವರೇ. ಮಗಳು ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ, ಗೊತ್ತಾಗದ ಪದ ಹೇಳಿಕೊಡುತ್ತಿದ್ದಳು. ವಿಡಿಯೋದ ವೇಗ ಕಡಿಮೆ ಮಾಡಬಹುದು, ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ಶಾಲೆಯಲ್ಲಿ ಮೇಷ್ಟರನ್ನು ಹೀಗೆ ಮಾಡಲು ಆಗುತ್ತಿತ್ತೇ?

ಆ ಲೆಕ್ಕದಲ್ಲಿ ನಾನು ಎಲ್ಲಿ?

ನಾನು ಆರಿಸಿಕೊಂಡದ್ದು ಲೆಕ್ಕಪತ್ರದ ಮೊದಲ ಪಾಠಗಳನ್ನು. ಜಮಾ-ಖರ್ಚು ಬರೆಯುವುದು ಯಾರಿಗೆ ಗೊತ್ತಿಲ್ಲ ಅಂತೀರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಂದ ದುಡ್ಡು ಒಂದು ಕಡೆ, ಹೋದ ದುಡ್ಡು ಇನ್ನೊಂದು ಕಡೆ, ಉಳಿದದ್ದು ಲಾಭ. ಆದರೆ ಒಂದೊಂದು ವ್ಯವಹಾರವನ್ನೂ ಎರಡೆರಡು ಕಡೆ ಬರೆಯುವ ಪದ್ಧತಿಯೊಂದಿದೆ. 1494ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಲೂಕಾ ಪಚೋಲಿ ಎಂಬ ಪಾದ್ರಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಐನೂರು ವರ್ಷ ಕಳೆದರೂ ಲೋಕದ ಅಂಗಡಿ, ಬ್ಯಾಂಕುಗಳೆಲ್ಲ ಅದನ್ನೇ ಹಿಡಿದಿವೆ.

ಎರಡನೇ ವಾರ ‘ಸವಕಳಿ’ ಪಾಠ ಬಂತು. ಈ ವರ್ಷ ಕೊಂಡ ವಸ್ತು ಐದು ವರ್ಷ ಬಾಳಿಕೆ ಬಂದರೆ ಅದರ ಬೆಲೆಯನ್ನು ಐದು ವರ್ಷಕ್ಕೆ ಹಂಚಬೇಕು. ಚಂದ್ರಿಕೆ, ತಟ್ಟೆ, ಔಷಧಿ ಹೊಡೆಯುವ ಪಂಪು ಎಲ್ಲ ನೆನಪಾದವು. ಮೂರನೇ ವಾರದ ಪಾಠದಲ್ಲಿ, ಮನೆಯವರೇ ದುಡಿಯುವ ಕಡೆ ಅವರ ದುಡಿಮೆಗೂ ಒಂದು ಬೆಲೆ ಕಟ್ಟಿ ನೋಡಬೇಕು, ಇಲ್ಲದಿದ್ದರೆ ಕಸುಬು ನಿಜವಾಗಿ ಗಿಟ್ಟುತ್ತದೋ ಇಲ್ಲವೋ ತಿಳಿಯುವುದಿಲ್ಲ ಎಂದು ಹೇಳಿದರು. ಆ ಮಾತನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ.

ಅಂದು ರಾತ್ರಿ ಹಿಂದಿನ ಬೆಳೆಯ ಲೆಕ್ಕದ ಪುಸ್ತಕ ತೆಗೆದೆ. ಯಜಮಾನರು ನೀಟಾಗಿ ಬರೆದಿದ್ದರು. ಚಾಕಿ ಹುಳುವಿನ ದುಡ್ಡು, ಗೊಬ್ಬರ, ಸುಣ್ಣ, ಆಳಿನ ಕೂಲಿ, ಗೂಡು ಸಾಗಿಸಿದ ಬಾಡಿಗೆ ಎಲ್ಲವೂ ಇತ್ತು. ಸೊಪ್ಪು ಕೊಯ್ಯಲು ಎರಡು ದಿನ ಬಂದ ಆಳಿನ ಚಹಾದ ಖರ್ಚೂ ಇತ್ತು. ದಿನವೂ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದ, ಕಸ ತೆಗೆದ, ಹಣ್ಣಾದ ಹುಳು ಆಯ್ದ ನಾನು ಮಾತ್ರ ಎಲ್ಲೂ ಇರಲಿಲ್ಲ. ಅವರೂ ಇರಲಿಲ್ಲ ಅನ್ನಿ. ನಾವಿಬ್ಬರೂ ಸೇರಿ ಪುಕ್ಕಟೆ ದುಡಿದು, ಉಳಿದದ್ದಕ್ಕೆ ಲಾಭ ಎಂದು ಹೆಸರಿಟ್ಟಿದ್ದೆವು.

ಹೊಸ ಹಾಳೆಯಲ್ಲಿ ಎಲ್ಲವನ್ನೂ ಮತ್ತೆ ಬರೆದೆ. ನಮ್ಮ ತೋಟದ ಸೊಪ್ಪನ್ನೇ ಮಾರಿದ್ದರೆ ಬರುತ್ತಿದ್ದ ಬೆಲೆ, ಸವಕಳಿ, ಅವರ ಕೂಲಿ, ಕೊನೆಯ ಸಾಲಿನಲ್ಲಿ ನನ್ನ ಕೂಲಿ. ಆಳಿಗೆ ಕೊಡುವ ದರವನ್ನೇ ಹಾಕಿದೆ, ಒಂದು ರೂಪಾಯಿ ಹೆಚ್ಚಿಲ್ಲ. ಲಾಭ ಅರ್ಧಕ್ಕೂ ಕೆಳಗೆ ಇಳಿಯಿತು. ತೋರಿಸಿದಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರೆ ಇಷ್ಟು ವರ್ಷ ನಾವು ಗೆದ್ವೋ ಸೋತ್ವೋ?” ಎಂದರು. ಸೋತಿಲ್ಲ, ಆದರೆ ಗೊತ್ತಿಲ್ಲದೆ ಗೆದ್ದಿದ್ದೇವೆ ಎಂದೆ. ಆಮೇಲೆ ಇಬ್ಬರೂ ಕುಳಿತು, ಆಳು ಸಿಗದ ಕಾಲದಲ್ಲಿ ಮೊಟ್ಟೆಯ ಸಂಖ್ಯೆ ಇಳಿಸುವುದು ಎಂದು ತೀರ್ಮಾನಿಸಿದೆವು. ನನ್ನ ಸೊಂಟನೋವು ಇಪ್ಪತ್ತು ವರ್ಷದಲ್ಲಿ ಹೇಳಲಾಗದ್ದನ್ನು ಒಂದು ಹಾಳೆ ಹೇಳಿತ್ತು.

ನಾಲ್ಕನೇ ವಾರ ಮಗಳ ರಜೆ ಮುಗಿಯಿತು. ಹೊಸ ಚಾಕಿ ಹುಳುವೂ ಮನೆಗೆ ಬಂತು. ಜ್ವರದ ದಿನ ಹುಳು ಮೇವು ಮುಟ್ಟದೆ ಮಲಗಿರುತ್ತವೆ, ನಮಗೂ ಸೊಪ್ಪು ಹಾಕುವ ಕೆಲಸವಿಲ್ಲ. ಮೂರನೇ ಜ್ವರಕ್ಕೆ ಹುಳು ಮಲಗಿದ ದಿನ ಕೊನೆಯ ಪರೀಕ್ಷೆಗೆ ಕುಳಿತೆ. ಪಕ್ಕದಲ್ಲಿ ಪದ ಹೇಳಿಕೊಡುವವರು ಯಾರೂ ಇರಲಿಲ್ಲ. ನೂರಕ್ಕೆ 68 ಬಂತು. ಅತ್ತೆಯವರು, “ಪಾಸಾ?” ಎಂದರು. ಆ ಸಂಜೆ ಬೇಳೆ ಹಿತಕಲು ಅವರೂ ಕೈ ಹಾಕಿದರು.

ಸೇರಬೇಕೆನ್ನುವವರಿಗೆ ನಾಲ್ಕು ಮಾತು

ಒಂದು, ಮೊದಲ ಸಲ 4 ವಾರಕ್ಕಿಂತ ದೊಡ್ಡ ಕೋರ್ಸು ಬೇಡ. ಎನ್‌ಪಿಟಿಇಎಲ್‌ನಲ್ಲಿ 4, 8, 12 ವಾರದ ಕೋರ್ಸುಗಳಿವೆ. ನಿಮ್ಮ ಮನೆಯ ಸುಗ್ಗಿ, ಹಬ್ಬ, ಮದುವೆಗಳನ್ನು ನೋಡಿಕೊಂಡು ದಿನ ಆರಿಸಿ.

ಎರಡು, ಇಂಗ್ಲಿಷಿಗೆ ಹೆದರಬೇಡಿ. ಪಾಠ ಇಂಗ್ಲಿಷಿನಲ್ಲಿದ್ದರೂ ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹ ಕನ್ನಡದಲ್ಲೂ ಸಿಗುತ್ತದೆ. ನಿಮ್ಮ ಮನೆಗೆ, ಕಸುಬಿಗೆ ತಾಗುವ ವಿಷಯ ಆರಿಸಿದರೆ ಅರ್ಧ ಪಾಠ ನಿಮಗೆ ಮೊದಲೇ ಗೊತ್ತಿರುತ್ತದೆ.

ಮೂರು, ಒಬ್ಬರೇ ಸೇರಬೇಡಿ. ಮಗಳೋ ಸೊಸೆಯೋ ಪಕ್ಕದ ಮನೆಯವರೋ ಜೊತೆಗಿರಲಿ. ನಿನ್ನೆ ಏನು ಕಲಿತೆ ಎಂದು ಕೇಳುವವರೊಬ್ಬರಿದ್ದರೆ ಇವತ್ತು ಪುಸ್ತಕ ತೆರೆಯುತ್ತೇವೆ.

ನಾಲ್ಕು, ಈ ಪ್ರಮಾಣಪತ್ರ ಪದವಿಯಲ್ಲ. ಇದನ್ನು ತೋರಿಸಿದರೆ ಕೆಲಸ ಗ್ಯಾರಂಟಿ ಎಂದು ಹೇಳಿ ಫೋನಿನಲ್ಲಿ ದುಡ್ಡು ಕೇಳುವವರನ್ನು ನಂಬಬೇಡಿ, ಓ.ಟಿ.ಪಿ. ಕೊಡಬೇಡಿ. ಪದವಿಯೇ ಬೇಕೆಂದರೆ ಮುಕ್ತ ವಿಶ್ವವಿದ್ಯಾನಿಲಯದ ದಾರಿ ಬೇರೆ ಇದೆ.

ಪ್ರಮಾಣಪತ್ರವನ್ನು ನಾನು ಗೋಡೆಗೆ ಹಾಕಿಸಿಲ್ಲ, ಅದು ಸೀರೆಯ ಪೆಟ್ಟಿಗೆಯಲ್ಲಿದೆ. ಆದರೆ ಈಗ ಪ್ರತಿ ಬೆಳೆ ಮುಗಿದ ಮೇಲೆ ಯಜಮಾನರು ಲೆಕ್ಕದ ಪುಸ್ತಕ ತೆಗೆದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು, “ನಿಂದು ಎಷ್ಟು ದಿನ ಬರೀಲಿ?” ಎಂದು ಕೇಳುತ್ತಾರೆ. ಆ ದುಡ್ಡೇನೂ ನನ್ನ ಕೈಗೆ ಬೇರೆಯಾಗಿ ಬರುವುದಿಲ್ಲ. ಆದರೂ ದಿನ ಎಣಿಸಿ ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಮುಂದಿನ ಚಳಿಗಾಲಕ್ಕೆ ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಒಂದು ಗಂಟೆಯನ್ನು ಈಗಲೇ ಗುರುತು ಮಾಡಿ ಇಡಿ. ಏನಂತೀರಿ?