ಡೇಟ್ ಮುಗಿದ ಇಂಕ್ ಒಗೆಯಬೇಕೇ?

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ಮನೆ ಕಟ್ಟಿಸುವವರಿಗೆ ಸಿಮೆಂಟ್ ಚೀಲ ನೋಡುವುದನ್ನು ಯಾರೂ ಕಲಿಸಬೇಕಿಲ್ಲ. ಚೀಲದ ಮೇಲೆ ಅಚ್ಚಾದ ವಾರ, ವರ್ಷ ಓದುತ್ತಾರೆ. ಮೂರು ತಿಂಗಳು ದಾಟಿದ್ದರೆ ಕೈ ಹಾಕಿ ಹಿಂಡಿ ನೋಡುತ್ತಾರೆ. ಗಂಟು ಪುಡಿಯಾಗದಿದ್ದರೆ ಚೀಲ ವಾಪಸ್. ಅದೇ ಮಂದಿ ಕಪಾಟಿನಲ್ಲಿ ಎರಡು ವರ್ಷದಿಂದ ಕೂತ ಪ್ರಿಂಟರ್ ಇಂಕ್ ಕಂಡರೆ ಗೊಂದಲಕ್ಕೆ ಬೀಳುತ್ತಾರೆ. ಒಬ್ಬರು ಒಗೀರಿ ಅಂತಾರೆ, ಇನ್ನೊಬ್ಬರು ಹಾಕ್ರಿ ಅಂತಾರೆ.

ಚಿಂಚೋಳಿಯಂಥ ರೈಲಿಲ್ಲದ ಊರಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಕಲಬುರಗಿಗೆ ಹೋದಾಗ ಒಮ್ಮೆಲೇ ನಾಲ್ಕು ಬಾಟಲಿ ತಂದಿಡುವುದೇ ಅನುಕೂಲ. ಹಾಗೆ ತಂದಿಟ್ಟದ್ದು ಎಷ್ಟು ದಿನ ಬಾಳುತ್ತದೆ?

ತಪ್ಪು ಕಲ್ಪನೆ 1: ಡೇಟ್ ಮುಗಿದರೆ ಇಂಕ್ ಕೆಟ್ಟಂತೆಯೇ.

ಸತ್ಯ: ಡಬ್ಬಿಯ ಮೇಲಿನ ದಿನಾಂಕ ಔಷಧದ ದಿನಾಂಕದಂತಲ್ಲ. ಅಲ್ಲಿಯವರೆಗೆ ಗುಣಮಟ್ಟಕ್ಕೆ ತಾವು ಹೊಣೆ ಎಂದು ತಯಾರಕರು ಹೇಳುವ ಮಾತು ಅದು. ಸೀಲ್ ಒಡೆಯದೆ, ನೆರಳಲ್ಲಿಟ್ಟ ಇಂಕ್ ಆಮೇಲೂ ಕೆಲವು ತಿಂಗಳು ಸರಿಯಾಗಿ ಅಚ್ಚು ಹಾಕುವುದುಂಟು. ಆದರೆ ಕೆಲವು ಮಾದರಿಗಳಲ್ಲಿ ಕಾರ್ಟ್ರಿಜ್‌ನ ಚಿಪ್ಪೇ ದಿನಾಂಕ ಲೆಕ್ಕವಿಟ್ಟು ಎಚ್ಚರಿಸುತ್ತದೆ, ಇಲ್ಲವೇ ಕೆಲಸ ನಿಲ್ಲಿಸುತ್ತದೆ.

ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ಎಚ್‌ಪಿ, ಕ್ಯಾನನ್‌ನ ಹಲವು ಸಣ್ಣ ಪ್ರಿಂಟರ್‌ಗಳಲ್ಲಿ ಇಂಕ್ ಚಿಮ್ಮುವ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಹಳೆಯ ಇಂಕ್ ಕಟ್ಟಿಕೊಂಡರೆ ಹಾಳಾಗುವುದು ಆ ಕಾರ್ಟ್ರಿಜ್ ಮಾತ್ರ. ಎಪ್ಸನ್‌ನಲ್ಲಿ ಹೆಡ್ ಪ್ರಿಂಟರಿನ ಒಳಗೇ ಇರುತ್ತದೆ. ಅಲ್ಲಿ ಇಂಕಿನ ದುಡ್ಡು ಉಳಿಸಲು ಹೋಗಿ ಹೆಡ್ಡಿನ ದುಡ್ಡು ತೆರಬೇಕಾದೀತು.

ತಪ್ಪು ಕಲ್ಪನೆ 2: ಸೀಲ್ ಒಡೆದಿಲ್ಲ ಅಂದರೆ ಏನೂ ಆಗಲ್ಲ.

ಸತ್ಯ: ಇಂಕಿನಲ್ಲಿ ಹೆಚ್ಚಿನ ಪಾಲು ನೀರು. ಜೊತೆಗೆ ಬಣ್ಣ, ಬೇಗ ಒಣಗದಂತೆ ತಡೆಯುವ ಗ್ಲೈಕಾಲ್, ಬೂಷ್ಟು ಬಾರದಂತೆ ಒಂದಿಷ್ಟು ರಾಸಾಯನಿಕ. ಪ್ಲಾಸ್ಟಿಕ್ಕಿನ ಮೂಲಕವೂ ನೀರಿನ ಆವಿ ತೀರಾ ನಿಧಾನವಾಗಿ ಹೊರಹೋಗುತ್ತದೆ. ಸಿಮೆಂಟಿಗೆ ನೀರು ಒಳಬಂದರೆ ಕೇಡು, ಇಂಕಿಗೆ ನೀರು ಹೊರಹೋದರೆ ಕೇಡು. ಪಿಗ್ಮೆಂಟ್ ಇಂಕಿಗೆ ಇನ್ನೊಂದು ತೊಂದರೆ ಇದೆ. ಅದರ ಬಣ್ಣ ಕರಗಿದ್ದಲ್ಲ, ತೇಲುವ ಕಣ. ಬಹಳ ದಿನ ಅಲುಗದೆ ನಿಂತರೆ ತೊಗರಿ ಸಾರಿನಂತೆ ತಿಳಿ ಮೇಲೆ, ಗಟ್ಟಿ ಕೆಳಗೆ. ಡೈ ಇಂಕಿನಲ್ಲಿ ಬಣ್ಣ ಪೂರ್ತಿ ಕರಗಿರುವುದರಿಂದ ಈ ಕಾಟ ಕಡಿಮೆ.

ಇದೆಲ್ಲಕ್ಕೂ ವೇಗ ಕೊಡುವುದು ಬಿಸಿಲು. ಎಪ್ಸನ್‌ನ ಹಲವು ಕೈಪಿಡಿಗಳು 40 ಡಿಗ್ರಿ ಶಾಖದಲ್ಲಿ ಇಂಕ್ ಇಡಬಹುದಾದ ಅವಧಿ ಒಂದು ತಿಂಗಳು ಎನ್ನುತ್ತವೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ತಗಡಿನ ಮಾಡಿನ ಅಂಗಡಿಯೊಳಗೆ ಇನ್ನೂ ಹೆಚ್ಚು. ಬೆಂಗಳೂರಿನ ಕಪಾಟಿನಲ್ಲಿ ಎರಡು ವರ್ಷ ಬಾಳುವ ಇಂಕ್ ಇಲ್ಲಿ ಅಷ್ಟು ಬಾಳುತ್ತದೆಂದು ನಂಬಬೇಡಿ.

ತಪ್ಪು ಕಲ್ಪನೆ 3: ದಪ್ಪಗಾದ ಇಂಕಿಗೆ ಸ್ವಲ್ಪ ನೀರು ಬೆರೆಸಿದರೆ ಆಯಿತು.

ಸತ್ಯ: ಇಂಕ್ ಚಿಮ್ಮುವ ರಂಧ್ರ ತಲೆಗೂದಲಿಗಿಂತ ಸಣ್ಣದು. ನಮ್ಮದೋ ಸುಣ್ಣಕಲ್ಲಿನ ನೆಲ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನಿತ್ಯ ನೋಡುತ್ತೇವೆ. ಅದೇ ಪದರ ಹೆಡ್ಡಿನಲ್ಲಿ ಕಟ್ಟಿದರೆ ಬಿಡಿಸುವುದು ಕಷ್ಟ. ಫಿಲ್ಟರ್ ನೀರೂ ಇಂಕಿನ ಹದ ಕೆಡಿಸುತ್ತದೆ. ಡೈ ಇಂಕಿನ ಟ್ಯಾಂಕಿಗೆ ಪಿಗ್ಮೆಂಟ್ ಸುರಿಯುವುದೂ ಇಂಥದೇ ತಪ್ಪು. ಎರಡೂ ಸೇರಿ ಗಂಟು ಕಟ್ಟಬಹುದು. ಅಕ್ಕಪಕ್ಕ ಫರಸಿ ಕಲ್ಲು ಕೊಯ್ಯುವ ಧೂಳಿದ್ದರೆ ಟ್ಯಾಂಕಿನ ಮುಚ್ಚಳ ತೆರೆದಿಡಲೇಬೇಡಿ.

ತಪ್ಪು ಕಲ್ಪನೆ 4: ಟೋನರೂ ಇಂಕಿನಂತೆ ಒಣಗುತ್ತದೆ.

ಸತ್ಯ: ಒಣಗಲು ಅದರಲ್ಲಿ ನೀರೇ ಇಲ್ಲ. ಟೋನರ್ ಎಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಲೇಸರ್ ಪ್ರಿಂಟರ್ ಅದನ್ನು ಕಾಯಿಸಿ, ಕರಗಿಸಿ ಹಾಳೆಗೆ ಅಂಟಿಸುತ್ತದೆ. ಇದರ ಸ್ವಭಾವ ಸಿಮೆಂಟಿಗೆ ಹತ್ತಿರ. ತೇವ ತಾಗಬಾರದು, ಅತಿ ಶಾಖ ತಾಗಬಾರದು. ತನ್ನ ಕವರಿನಲ್ಲೇ ಇಟ್ಟರೆ ಇಂಕಿಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಡ್ರಮ್ ಜೊತೆಗಿರುವ ಕಾರ್ಟ್ರಿಜ್ ಆದರೆ ಬೆಳಕಿಗೆ ತೆರೆದಿಡಬಾರದು. ವರ್ಷಕ್ಕೆ ನಾಲ್ಕು ಸಲ ಪ್ರಿಂಟ್ ತೆಗೆಯುವವರಿಗೆ ಲೇಸರ್ ಪ್ರಿಂಟರೇ ಛಲೋ.

ತಪ್ಪು ಕಲ್ಪನೆ 5: ಫ್ರಿಜ್‌ನಲ್ಲಿಟ್ಟರೆ ಹೆಚ್ಚು ದಿನ ಬರುತ್ತದೆ.

ಸತ್ಯ: ಬೇಕಿಲ್ಲ. ಹೊರತೆಗೆದ ಕೂಡಲೇ ಬೆವರುತ್ತದೆ. ಟೋನರ್ ಕೆಡಲಂತೂ ಆ ತೇವವೇ ಸಾಕು. ಶಾಬಾದಿ ಕಲ್ಲು ಹಾಸಿದ ಒಳಕೋಣೆಯ ಕೆಳಗಿನ ಕಪಾಟು ಸಾಲದೇ?

ತಪ್ಪು ಕಲ್ಪನೆ 6: ಪ್ರಿಂಟರ್ ಬಳಸದೆ ಬಿಟ್ಟರೆ ಇಂಕ್ ಉಳಿಯುತ್ತದೆ.

ಸತ್ಯ: ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮುಚ್ಚಿಟ್ಟು ಜೂನ್‌ನಲ್ಲಿ ತೆರೆದವರನ್ನು ಕೇಳಿ. ರಂಧ್ರದ ಬಾಯಲ್ಲಿ ಇಂಕ್ ಒಣಗಿರುತ್ತದೆ. ಆಮೇಲೆ ಮೂರು ನಾಲ್ಕು ಸಲ ಹೆಡ್ ಕ್ಲೀನಿಂಗ್. ಪ್ರತಿ ಸಲವೂ ಒಳ್ಳೆಯ ಇಂಕ್ ವೇಸ್ಟ್ ಪ್ಯಾಡಿಗೆ ಹರಿಯುತ್ತದೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆದರೆ ಇದಕ್ಕಿಂತ ಅಗ್ಗ. ಇನ್ನೊಂದು, ಪ್ರಿಂಟರನ್ನು ಅದರ ಗುಂಡಿಯಿಂದಲೇ ಆಫ್ ಮಾಡಬೇಕು. ಆಗ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಗೋಡೆಯ ಸ್ವಿಚ್ ಒತ್ತಿದರೆ, ಅಥವಾ ನಡುವೆ ಕರೆಂಟ್ ಹೋದರೆ, ಹೆಡ್ ಬಾಯಿ ತೆರೆದೇ ನಿಂತುಬಿಡಬಹುದು. ಕರೆಂಟ್ ಬಂದ ಮೇಲೆ ಒಮ್ಮೆ ಆನ್ ಮಾಡಿ, ಗುಂಡಿಯಿಂದಲೇ ಆಫ್ ಮಾಡಿ.

ಬಾಟಲಿ ತೆರೆದ ದಿನವನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದಿಡಿ. ತೆರೆದ ಕಾರ್ಟ್ರಿಜ್ ಆರು ತಿಂಗಳೊಳಗೆ ಮುಗಿಯಲಿ. ಬೇಸಿಗೆಗೆ ಮುಂಚೆ ದಾಸ್ತಾನು ಮಾಡಬೇಡಿ. ಹಳೆಯ ಇಂಕ್ ಹಾಕಿದಾಗ ಮೊದಲು ನಾಜಲ್ ಚೆಕ್ ಹಾಳೆ ತೆಗೆಯಿರಿ. ಗೆರೆಗಳು ತುಂಡಾಗದೆ ಬಂದರೆ ಬಳಸಿ, ಬಾರದಿದ್ದರೆ ಬಿಡಿ. ಯಾರದೋ 371(ಜೆ) ಪ್ರಮಾಣಪತ್ರದ ಅರ್ಜಿಯ ಮೇಲೆ ಆ ಪರೀಕ್ಷೆ ಮಾಡುವುದು ಬೇಡ.