ಮೈಸೂರಿನ ದುಡ್ಡು, ಮಾಸ್ಕೋದ ಕತೆ

ರಷ್ಯನ್ ಸಂಯೋಜಕ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ 1931-32ರಲ್ಲಿ ಎಳೆಯರಿಗೆಂದು ಬರೆದ 54ನೇ ಕೃತಿಸಂಖ್ಯೆಯ ಪಿಯಾನೊ ಗುಚ್ಛ ನಮ್ಮ ದಕ್ಷಿಣ ಕನ್ನಡದ ವಾಮದಪದವಿನ ಕಿವಿಗೆ ತಾಳಮದ್ದಳೆಯನ್ನು ನೆನಪಿಸಿದರೆ ಆಶ್ಚರ್ಯವಿಲ್ಲ. ನಾಲ್ಕು ಪುಸ್ತಿಕೆ, ಎಂಟು ಪುಟ್ಟ ರಚನೆ; ಪ್ರತಿ ಪುಸ್ತಿಕೆಯಲ್ಲೂ ಮೊದಲು ಪ್ರೆಲ್ಯೂಡ್, ಬಳಿಕ ಒಂದು ‘ಸ್ಕಾಜ್ಕಾ’. ಅರ್ಥಧಾರಿ ಪೀಠಿಕೆ ಹಾಕಿ ಪ್ರಸಂಗಕ್ಕೆ ಇಳಿದ ಹಾಗೆ. ಈ ಸ್ಕಾಜ್ಕಾವನ್ನು ಇಂಗ್ಲಿಷಿನವರು ‘ಫೇರಿ ಟೇಲ್’ ಮಾಡಿ ಕೆಡಿಸಿದರು. ರಷ್ಯನ್ನಿನಲ್ಲಿ ಅದು ‘ಹೇಳು’ ಎಂಬ ಕ್ರಿಯಾಪದದ ಬಳಗದ ಮಾತು. ಅಲ್ಲಿ ರೆಕ್ಕೆಯ ಕಿನ್ನರಿಗಿಂತ ಹೇಳುವ ದನಿ ದೊಡ್ಡದು. ನೇಜಿ ನೆಡುತ್ತ ಹಾಡುವ ತುಳು ಪಾಡ್ದನದಿಂದ ಮಾತು ಕಳೆದು ದನಿಯನ್ನಷ್ಟೇ ಉಳಿಸಿಕೊಂಡರೆ ಸ್ಕಾಜ್ಕಾದ ಹತ್ತಿರ ಬಂದೇವು. ಈ ಗುಚ್ಛದ ಕೊನೆಯ ಜೋಡಿಯಲ್ಲಿ ಸ್ತೋತ್ರದಂಥ ಪೀಠಿಕೆಯ ಬೆನ್ನಿಗೇ ಬರುವುದು ಭಿಕ್ಷುಕನ ಕತೆ. ಮಕ್ಕಳ ಪುಸ್ತಕ ಭಿಕ್ಷುಕನಲ್ಲಿ ಮುಗಿಯುತ್ತದೆ!

1921ರಲ್ಲಿ ರಷ್ಯಾ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿ, ಬಹುಪಾಲು ಮರೆತುಹೋಗಿದ್ದ ಮೆಟ್ನರ್ ಅವರ ನುಡಿಸಾಣಿಕೆಯನ್ನು 1940ರ ದಶಕದ ಕೊನೆಗೆ ಎಚ್‌ಎಂವಿ ತಟ್ಟೆಗಳಿಗೆ ಇಳಿಸಲು ದುಡ್ಡು ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ವಿಲಾಯಿತಿ ಶೋಕಿ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಶೋಕಿಯವರು ಹೆಸರಿದ್ದವರನ್ನು ಹುಡುಕುತ್ತಾರೆ, ಫ್ಯಾಷನ್ ಮುಗಿದವರನ್ನಲ್ಲ. ಮೆಟ್ನರ್ 1935ರಲ್ಲಿ ಹೊಸ ಅಲೆಯ ಸಂಗೀತದ ವಿರುದ್ಧ ‘ಮ್ಯೂಸ್ ಮತ್ತು ಫ್ಯಾಷನ್’ ಎಂಬ ಪುಸ್ತಕವನ್ನೇ ಬರೆದವರು. ಸಂಗೀತದ ಮೂಲ ನಿಯಮಗಳು ಸಂಯೋಜಕನಿಗಿಂತ ಹಿರಿಯವು ಎಂಬುದು ಅವರ ಹಟ. ರಾಗಲಕ್ಷಣದ ನಡುವೆ ಬೆಳೆದವರಿಗೆ ಇದು ವಿಚಿತ್ರವೆನಿಸಲಾರದು. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ಒಡೆಯರು ಮೆಟ್ನರ್‌ನಲ್ಲಿ ಕೇಳಿದ್ದು ಪರದೇಶವನ್ನಲ್ಲ, ನೆಂಟಸ್ತಿಕೆಯನ್ನು ಎಂಬುದು ನನ್ನ ಊಹೆ. ಈ ಊಹೆಗೆ ಆಧಾರ ಅವರ ಆಯ್ಕೆಯೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಯಾರ ದುಡ್ಡು? ಮೆಟ್ನರ್‌ನ ಮೂರನೇ ಪಿಯಾನೊ ಕಂಚೆರ್ಟೊ ಧ್ವನಿಮುದ್ರಣವಾದ 1947ರಲ್ಲೇ ‘ಮೈಸೂರು ಚಲೋ’ ಚಳವಳಿ ನಡೆದು, ಜನ ಜವಾಬ್ದಾರಿ ಸರ್ಕಾರ ಕೇಳಿ ಜೈಲಿಗೆ ಹೋದರು. (ನಮ್ಮ ಕಡೆಯ ಅಜ್ಜಂದಿರ ತೀರ್ವೆ ಮದ್ರಾಸಿಗೆ ಹೋಗುತ್ತಿತ್ತು, ಆ ಮಾತು ಬೇರೆ.) ಜನರನ್ನು ಕೇಳದೆ ಕೊಟ್ಟದ್ದು ತಪ್ಪೇ. ಆ ತಪ್ಪು ಅರಸೊತ್ತಿಗೆಯದು, ಕಿವಿಯದಲ್ಲ. ಆ ಕಿವಿ ಇಲ್ಲದಿದ್ದರೆ 1951ರಲ್ಲಿ ತೀರಿಕೊಂಡ ಮೆಟ್ನರ್‌ನ ಮುಪ್ಪಿನ ಕೈ ನಮಗೆ ಇಷ್ಟು ಕೇಳುತ್ತಿರಲಿಲ್ಲ. ಅದೇ ಮೂರನೇ ಕಂಚೆರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತ. ಅದರ ಹೆಸರು ‘ಬ್ಯಾಲಡ್’, ಅಂದರೆ ಕಥನಗೀತೆ.